ಧೂಳಿನ ಕಣದೊಳಗೆ ಇಣುಕುವ ಎಕ್ಸ್-ರೇ

ನಕ್ಷತ್ರಗಳ ನಡುವಿನ ಜಾಗ ಪೂರ್ತಿ ಖಾಲಿ ಏನಲ್ಲ. ಅಲ್ಲಿ ತೆಳ್ಳಗೆ ಅನಿಲ ಹರಡಿದೆ, ಜೊತೆಗೆ ಒಂದಿಷ್ಟು ಧೂಳೂ ಇದೆ. ಹೆಚ್ಚಿನ ಕಣಗಳು ಒಂದು ಮೈಕ್ರಾನ್‌ಗಿಂತ ಚಿಕ್ಕವು. ಭೂಮಿಯಂಥ ಗ್ರಹಗಳಿಗೆ ಇದೇ ಕಚ್ಚಾ ವಸ್ತು. ಇಷ್ಟು ದೂರದಿಂದ ಅದರಲ್ಲಿ ಏನಿದೆ ಅಂತ ಹೇಳುವುದು ಹೇಗೆ?

ಮೊದಲು ಧೂಳಿನ ಹಿಂದೊಂದು ಪ್ರಖರ ದೀಪ ಬೇಕು. ನ್ಯೂಟ್ರಾನ್ ನಕ್ಷತ್ರವೋ ಕಪ್ಪುಕುಳಿಯೋ ಪಕ್ಕದ ನಕ್ಷತ್ರದ ಅನಿಲವನ್ನು ಎಳೆದುಕೊಳ್ಳುವಾಗ ಆ ಅನಿಲ ವಿಪರೀತ ಕಾದು ಎಕ್ಸ್-ರೇ ಚೆಲ್ಲುತ್ತದೆ. ಆ ಕಿರಣ ನಮ್ಮತ್ತ ಬರುವ ದಾರಿಯಲ್ಲಿ ಧೂಳನ್ನು ಹಾದು ಬರಲೇಬೇಕು, ಅಲ್ವಾ?

ಪ್ರತಿ ಧಾತುವಿಗೂ ಒಂದು ಗಡಿ ಇದೆ. ಆಮ್ಲಜನಕಕ್ಕೆ ಸುಮಾರು 540 ಎಲೆಕ್ಟ್ರಾನ್ ವೋಲ್ಟ್ (ಇದು ಶಕ್ತಿಯ ಅಳತೆ), ಸಿಲಿಕಾನ್‌ಗೆ 1,840, ಗಂಧಕಕ್ಕೆ 2,470. ಕಿರಣದ ಶಕ್ತಿ ಈ ಗಡಿ ದಾಟಿತೋ, ಪರಮಾಣು ಅದನ್ನು ನುಂಗಿ ತನ್ನ ಒಳಗಿನ ಎಲೆಕ್ಟ್ರಾನ್ ಒಂದನ್ನು ಹೊರಗೆಸೆಯುತ್ತದೆ. ಬೆಳಕನ್ನು ಶಕ್ತಿಯ ಪ್ರಕಾರ ಬಿಡಿಸಿಟ್ಟ ಪಟ್ಟಿಯಲ್ಲಿ, ಅಂದರೆ ರೋಹಿತದಲ್ಲಿ, ಅಲ್ಲಿ ಬೆಳಕು ಗಕ್ಕನೆ ಕುಸಿಯುತ್ತದೆ.

ನನಗೆ ಜಾಸ್ತಿ ಇಷ್ಟವಾಗುವುದು ಇದರ ಮುಂದಿನ ಭಾಗ. ಹೊರಬಿದ್ದ ಎಲೆಕ್ಟ್ರಾನ್ ಅಲೆಯಂತೆಯೂ ವರ್ತಿಸುತ್ತದೆ. ಕೊಳದ ಅಲೆ ದಡಕ್ಕೆ ಬಡಿದು ಮರಳುವ ಹಾಗೆ, ಅದು ಪಕ್ಕದ ಪರಮಾಣುಗಳಿಗೆ ತಾಗಿ ವಾಪಸ್ ಬರುತ್ತದೆ. ಹೋಗುವ ಅಲೆಯೂ ಬರುವ ಅಲೆಯೂ ಸೇರಿ ಗಡಿಯ ಆಚೆ ಸಣ್ಣ ಏರಿಳಿತ ಮೂಡಿಸುತ್ತವೆ. ಅನಿಲದಲ್ಲಿ ಒಂಟಿಯಾಗಿರುವ ಪರಮಾಣುವಿಗೆ ಇದಿಲ್ಲ. ಅಂದರೆ ಸಿಲಿಕಾನ್ ಇದೆ ಅನ್ನುವುದಷ್ಟೇ ಅಲ್ಲ, ಅದರ ನೆರೆಹೊರೆ ಯಾರು, ಎಷ್ಟು ದೂರದಲ್ಲಿದ್ದಾರೆ ಅನ್ನುವುದೂ ಗೊತ್ತಾಗುತ್ತದೆ. ಭೂಮಿಯ ಮೇಲೆ ಸಿಂಕ್ರೊಟ್ರಾನ್ ಎಂಬ ಪ್ರಖರ ಎಕ್ಸ್-ರೇ ಹುಟ್ಟಿಸುವ ಯಂತ್ರಗಳಲ್ಲಿ ಖನಿಜಗಳನ್ನು ಅಳೆದು, ಬಾಹ್ಯಾಕಾಶದಲ್ಲಿರುವ ಚಂದ್ರಾ ಎಕ್ಸ್-ರೇ ದೂರದರ್ಶಕದ ರೋಹಿತಗಳ ಪಕ್ಕ ಇಟ್ಟು ನೋಡುತ್ತಾರೆ. ಸಿಲಿಕಾನ್-ಆಮ್ಲಜನಕ ಕೂಡಿದ ಸಿಲಿಕೇಟ್ ಕಣಗಳು ಬಹುಪಾಲು ಹರಳುಗಳಲ್ಲ, ಗಾಜಿನಂತೆ ಒಳಗೆಲ್ಲ ಅಡ್ಡಾದಿಡ್ಡಿ.

2023ರ ಸೆಪ್ಟೆಂಬರ್‌ನಲ್ಲಿ ಜಪಾನ್ ಹಾರಿಸಿದ ಕ್ರಿಸಮ್ ಎಂಬ ಎಕ್ಸ್-ರೇ ಉಪಗ್ರಹದ್ದು ಇನ್ನೊಂದು ಬಗೆ. ಅದರ ಒಂದು ಉಪಕರಣವನ್ನು ಪರಮ ಶೂನ್ಯಕ್ಕಿಂತ ಬರೀ 0.05 ಡಿಗ್ರಿ ಮೇಲಿಟ್ಟಿದ್ದಾರೆ. ಎಕ್ಸ್-ರೇಯ ಒಂದೊಂದು ಫೋಟಾನ್ (ಬೆಳಕಿನ ಕಣ) ಬಿದ್ದಾಗಲೂ ಎಷ್ಟು ಬಿಸಿಯಾಯಿತು ಅಂತ ಅಳೆದು ಅದರ ಶಕ್ತಿ ಹೇಳುತ್ತದೆ. ಪಾಪ, ಉಪಕರಣದ ಬಾಗಿಲು ತೆರೆಯಲೇ ಇಲ್ಲ. ಕಡಿಮೆ ಶಕ್ತಿಯ ಕಿರಣಗಳು ಅಲ್ಲೇ ತಡೆಯಾಗುವುದರಿಂದ ಆಮ್ಲಜನಕ ಅದರ ಕೈಗೆ ಸಿಗದು. ಆದರೆ ಗಂಧಕ ಸಿಕ್ಕಿತು. ಜಿಎಕ್ಸ್ 340+0 ಎಂಬ ಜೋಡಿ ನಕ್ಷತ್ರದ ಬೆಳಕಿನಲ್ಲಿ ಗಂಧಕ ಅನಿಲವಾಗಿಯೂ ಘನವಾಗಿಯೂ ಇರುವ ಗುರುತು ಕಂಡಿತೆಂದು 2025ರಲ್ಲಿ ಪ್ರಕಟವಾಯಿತು. ಆ ಘನ ಭಾಗ ಕಬ್ಬಿಣ-ಗಂಧಕದ ಖನಿಜಗಳಿಗೆ ಹೊಂದುತ್ತದೆ. ಉಲ್ಕಾಶಿಲೆಗಳಲ್ಲಿ ಸಿಗುವುದೂ ಅಂಥವೇ.