ಎರವಲು ಅಂಗಿಯ ವೈರಸ್

ಹಲವು ವರ್ಷಗಳಿಂದ ಹೆಪಟೈಟಿಸ್ ಬಿ ಇರುವ ಒಬ್ಬರ ರಿಪೋರ್ಟು ಕೈಯಲ್ಲಿದೆ ಅಂದುಕೊಳ್ಳಿ. ರಕ್ತದಲ್ಲಿ ಬಿ ವೈರಸ್ಸಿನ ಪ್ರಮಾಣ ತೀರಾ ಕಡಿಮೆ. ಖುಷಿಪಡಬೇಕಾದ ಮಾತೇ. ಆದರೆ ಕೆಳಗಿನ ಸಾಲಿನಲ್ಲಿ ಎಸ್‌ಜಿಪಿಟಿ ಎಂಬ ಲಿವರ್ ಕಿಣ್ವ ಏರಿ ಕೂತಿದೆ, ಅಂದರೆ ಲಿವರ್ ಹಾಳಾಗುತ್ತಲೇ ಇದೆ. ಕುಡಿತ, ಕೊಬ್ಬು ಇತ್ಯಾದಿ ಮಾಮೂಲಿ ಕಾರಣ ಯಾವುದೂ ಇಲ್ಲವಾದರೆ, ಬಿ ಜೊತೆ ಇನ್ನೊಬ್ಬ ಸೇರಿಕೊಂಡಿದ್ದಾನೆಯೇ ಎಂದು ನೋಡಬೇಕು: ಹೆಪಟೈಟಿಸ್ ಡಿ.

1977ರಲ್ಲಿ ಇಟಲಿಯ ಟ್ಯೂರಿನ್‌ನಲ್ಲಿ ಮಾರಿಯೋ ರಿಜೆಟ್ಟೊ ಬಿ ರೋಗಿಗಳ ಲಿವರ್ ತುಣುಕುಗಳಲ್ಲಿ ಹೊಸದೊಂದು ಪ್ರೋಟೀನ್ ಕಂಡು ‘ಡೆಲ್ಟಾ’ ಎಂದು ಕರೆದರು. ಬಿ ವೈರಸ್ಸಿನದೇ ಭಾಗ ಇರಬೇಕು ಅಂತ ಮೊದಲ ಊಹೆ. ಇದು ಬೇರೆಯದೇ ಸೋಂಕು ಎಂದು ಖಚಿತವಾದದ್ದು ಚಿಂಪಾಂಜಿಗಳ ಮೇಲಿನ ಪ್ರಯೋಗದ ನಂತರ. ಸುಮಾರು 1,700 ಅಕ್ಷರಗಳ ಆರ್‌ಎನ್‌ಎ ಉಂಗುರ, ಅಷ್ಟೇ ಈ ಡಿ ವೈರಸ್ಸಿನ ಆಸ್ತಿ. ಕೊರೊನಾ ವೈರಸ್ಸಿಗೆ ಹತ್ತಿರ ಹತ್ತಿರ 30,000 ಇವೆ. ಮೈಮೇಲಿನ ಹೊದಿಕೆ ಮಾಡಿಕೊಳ್ಳಲೂ ಇದಕ್ಕೆ ಬರದು. ಬಿ ವೈರಸ್ ಹೊಲಿದಿಟ್ಟ ಅಂಗಿ ತೊಟ್ಟುಕೊಂಡೇ ಮುಂದಿನ ಜೀವಕೋಶಕ್ಕೆ ಹೊರಡುತ್ತದೆ. ಮಾವಿನ ಮರದ ಬಂದಳಿಕೆ ನೆನಪಾಗುತ್ತದೆ. ಅದಕ್ಕಾದರೂ ತನ್ನದೇ ಹಸಿರೆಲೆ ಇರುತ್ತದೆ!

ಯಾರು ಮೊದಲು ಬಂದರು ಅನ್ನುವುದು ಇಲ್ಲಿ ಬಹಳ ಮುಖ್ಯ. ಒಂದೇ ಸೂಜಿಯಿಂದ ಎರಡೂ ಒಟ್ಟಿಗೆ ವಯಸ್ಕರೊಬ್ಬರ ಮೈ ಸೇರಿದರೆ ಕಾಮಾಲೆ ಜೋರಾಗಿಯೇ ಕಾಡಬಹುದು. ಆದರೂ ಹೆಚ್ಚಿನವರ ದೇಹ ಬಿಯನ್ನು ಹೊರದಬ್ಬುತ್ತದೆ, ಅಂಗಿ ಸಿಗದೆ ಡಿ ಕೂಡ ಜಾಗ ಖಾಲಿ ಮಾಡುತ್ತದೆ. ಬಿ ಮೊದಲೇ ಬಂದು ಬೀಡುಬಿಟ್ಟಿದ್ದರೆ ಕತೆಯೇ ಬೇರೆ. ಅಂಗಿಗಳ ರಾಶಿ ಸಿದ್ಧವಾಗಿರುತ್ತದೆ. ಡಿ ಬಂದು ಬೇರೂರುತ್ತದೆ, ಬಿಯನ್ನೇ ಅದುಮಿ ಕೂರಿಸುತ್ತದೆ. ರಿಪೋರ್ಟಿನ ಆ ಸಮಾಧಾನದ ಅಂಕಿ ಬಂದದ್ದು ಹೀಗೆ. ಲಿವರ್ ಮಾತ್ರ ಬಿ ಒಂದೇ ಇದ್ದಾಗಿನದಕ್ಕಿಂತ ಬೇಗ ಗಂಟುಗಟ್ಟಿ ಸಿರೋಸಿಸ್‌ಗೆ ತಿರುಗುತ್ತದೆ.

ಬಿಗೆ ಕೊಡುವ ಟೆನೊಫೊವಿರ್ ಮಾತ್ರೆ ಡಿಗೆ ನಾಟುವುದಿಲ್ಲ. ಆ ಮಾತ್ರೆ ಬಿಯ ನಕಲು ಯಂತ್ರವನ್ನು ತಡೆಯುತ್ತದೆಯೇ ಹೊರತು ಅಂಗಿ ಹೊಲಿಯುವುದನ್ನಲ್ಲ. ಡಿ ತನ್ನ ನಕಲಿಗೆ ನಮ್ಮ ಜೀವಕೋಶದ ಯಂತ್ರವನ್ನೇ ಬಳಸಿಕೊಳ್ಳುತ್ತದೆ.

ಲಸಿಕೆಯ ವಿಷಯ ಹಾಗಲ್ಲ. ಹುಟ್ಟಿದ 24 ಗಂಟೆಯೊಳಗೆ ಮಗುವಿನ ತೊಡೆಗೆ ಕೊಡುವ ಹೆಪಟೈಟಿಸ್ ಬಿ ಚುಚ್ಚುಮದ್ದಿನಲ್ಲಿರುವುದು ಅದೇ ಅಂಗಿಯ ಪ್ರೋಟೀನು. ಈಗಾಗಲೇ ಬಿ ಅಂಟಿದವರಿಗೆ ಅದರಿಂದ ಪ್ರಯೋಜನವಿಲ್ಲ. ಆದರೆ ಲಸಿಕೆ ಪೂರ್ತಿ ಹಾಕಿಸಿಕೊಂಡ ಮಗುವಿನಲ್ಲಿ ಬಿ ನೆಲೆಯೂರದಿದ್ದರೆ ಡಿಗೂ ದಾರಿಯಿಲ್ಲ. ತಾಯಿ ಕಾರ್ಡಿನಲ್ಲಿ ಮಾತ್ರ ಬಿ ಎಂದಷ್ಟೇ ಬರೆದಿರುತ್ತದೆ.