ಖಾಲಿ ನಿಂತ ಗಾಡಿಯ ಬೆಲೆ

2018ರ ಮೇ ತಿಂಗಳು. ಅಮೆರಿಕದ ಮಿಶಿಗನ್ ರಾಜ್ಯದ ಈಟನ್ ರ‍್ಯಾಪಿಡ್ಸ್‌ನಲ್ಲಿ ಮೆಗ್ನೀಸಿಯಮ್ ಎರಕ ಹೊಯ್ಯುವ ಒಂದು ಕಾರ್ಖಾನೆಗೆ ಬೆಂಕಿ ಬಿತ್ತು. ಕೆಲವೇ ದಿನಗಳಲ್ಲಿ ಫೋರ್ಡ್ ಕಂಪನಿಯ ಎಫ್-150 ಪಿಕಪ್ ಟ್ರಕ್ಕಿನ ಅಸೆಂಬ್ಲಿ ಲೈನ್ ನಿಂತುಹೋಯಿತು. ಉಳಿದ ಸಾವಿರಾರು ಬಿಡಿಭಾಗ ಇದ್ದವು, ಜನ ಇದ್ದರು, ಕರೆಂಟ್ ಇತ್ತು. ಆನೆ ಹೋಗಿ ಬಾಲ ಸಿಕ್ಕಿಕೊಂಡ ಹಾಗೆ, ಎರಕದ ಪಾರ್ಟ್ ಮಾತ್ರ ಇರಲಿಲ್ಲ.

ಸುಟ್ಟ ಕಟ್ಟಡದಿಂದ ಎರಕದ ಡೈಗಳನ್ನು, ಅಂದರೆ ಲೋಹದ ಅಚ್ಚುಗಳನ್ನು, ಎತ್ತಿ ತೆಗೆದರು. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಬಳಿ ಅದೇ ಸಪ್ಲೈಯರ್‌ನ ಇನ್ನೊಂದು ಘಟಕ ಇತ್ತು, ಅಲ್ಲಿಗೆ ಸಾಗಿಸಬೇಕು. ಭಾರ ಸುಮಾರು 39 ಟನ್. ಅದಕ್ಕೆ ಸಿಕ್ಕಿದ್ದು ಆಂಟೊನೊವ್ ಎಎನ್-124. ಈ ವಿಮಾನಕ್ಕೆ ಸಾಮಾನು ತುಂಬುವುದನ್ನು ನೋಡಬೇಕು: ಮೂತಿಯನ್ನು ಪೂರ್ತಿ ಆಕಾಶಕ್ಕೆ ಎತ್ತುತ್ತದೆ, ಮುಂದಿನ ಚಕ್ರಗಳನ್ನು ಮಡಚಿ ಮೊಣಕಾಲೂರಿದ ಹಾಗೆ ನೆಲಕ್ಕೆ ಬಗ್ಗುತ್ತದೆ, ಸರಕು ನೇರವಾಗಿ ಹೊಟ್ಟೆಯೊಳಗೆ ಹೋಗುತ್ತದೆ. ಆ ಕಾರ್ಖಾನೆ ಬಿಟ್ಟು ಈ ಕಾರ್ಖಾನೆ ಸೇರಲು ಒಟ್ಟು 30 ಗಂಟೆ ಹಿಡಿಯಿತು.

ಇದನ್ನು ಕೇಳಿದವರೆಲ್ಲ "ವಿಮಾನ ಅಲ್ವಾ, ಬೇಗ ಹೋಗಿರುತ್ತೆ ಬಿಡಿ" ಅನ್ನುತ್ತಾರೆ. ನನಗೆ ತಾಳ್ಮೆ ತಪ್ಪುವುದು ಇಲ್ಲೇ. ಸಾಮಾನ್ಯ ಏರ್ ಕಾರ್ಗೋ ಕೂಡ ವಿಮಾನದಲ್ಲೇ ಹೋಗುತ್ತದೆ, ಹೆಚ್ಚುಕಮ್ಮಿ ಅದೇ ವೇಗದಲ್ಲಿ. ಆದರೂ ತಲುಪಲು ಹಲವು ದಿನ ಬೇಕು. ಹಾಗಾದರೆ ಉಳಿದ ಸಮಯ ಎಲ್ಲಿ ಹೋಯಿತು?

ರಸ್ತೆಯ ಲೆಕ್ಕ ಇನ್ನೂ ಸುಲಭ. 1000 ಕಿಲೋಮೀಟರ್ ದೂರ, ಸರಾಸರಿ ಗಂಟೆಗೆ 60 ಕಿಲೋಮೀಟರ್ ಅಂದರೆ 17 ಗಂಟೆ. ಆದರೆ ಹತ್ತಾರು ಜನರ ಸರಕಿನ ಜೊತೆ ಹೋಗುವ ಪೆಟ್ಟಿಗೆ ಮೂರು ನಾಲ್ಕು ದಿನ ತೆಗೆದುಕೊಳ್ಳಬಹುದು. ಲಾರಿ ತುಂಬುವವರೆಗೆ ಅದು ಗೋದಾಮಿನ ಮೂಲೆಯಲ್ಲಿ ಕೂರುತ್ತದೆ. ಹಬ್‌ನಲ್ಲಿ ಇಳಿಯುತ್ತದೆ, ವಿಂಗಡಣೆಗೆ ಕಾಯುತ್ತದೆ, ಮುಂದಿನ ಲಾರಿಗೆ ಕಾಯುತ್ತದೆ, ಅಲ್ಲಿ ಇಳಿದ ಮೇಲೆ ಊರೊಳಗಿನ ಗಾಡಿಗೆ ಮತ್ತೆ ಕಾಯುತ್ತದೆ. ಚಕ್ರ ಉರುಳುವ ಹೊತ್ತಿಗಿಂತ ನಿಂತ ಹೊತ್ತೇ ಜಾಸ್ತಿ. ತುರ್ತು ಸಾಗಣೆಯವರು ಇದೇ ರಸ್ತೆಯಲ್ಲಿ ಇದೇ ವೇಗದಲ್ಲಿ ಓಡುತ್ತಾರೆ. ಒಂದು ವ್ಯಾನ್, ಅದರಲ್ಲಿ ಒಂದೇ ಪೆಟ್ಟಿಗೆ, ಪಾಳಿಯ ಮೇಲೆ ಓಡಿಸಲು ಇಬ್ಬರು ಡ್ರೈವರ್‌ಗಳು, ನೇರ ಪ್ರಯಾಣ. ಅವರು ತೆಗೆದುಹಾಕುವುದು ಕಾಯುವಿಕೆಯನ್ನು.

ಈ ಕಾಯುವಿಕೆಯ ಹಿಂದೆ ಒಂದು ಗಣಿತ ಇದೆ, ನನಗೆ ತುಂಬಾ ಇಷ್ಟವಾದದ್ದು. 1909ರಲ್ಲಿ ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿದ್ದ ಎರ್ಲಾಂಗ್ ಎಂಬ ಡೆನ್ಮಾರ್ಕಿನ ಗಣಿತಜ್ಞ ಇದರ ಬುನಾದಿ ಹಾಕಿದ. ಎಷ್ಟು ಕರೆ ಬಂದರೆ ಎಷ್ಟು ಲೈನ್ ಬೇಕು ಅನ್ನುವುದು ಆ ಕಂಪನಿಯ ಸಮಸ್ಯೆ. ಅದರಿಂದ ಹುಟ್ಟಿದ್ದೇ ಸರತಿ ಸಾಲಿನ ಸಿದ್ಧಾಂತ. ಟಿಕೆಟ್ ಕೌಂಟರ್ ಒಂದನ್ನು ನೆನೆಸಿಕೊಳ್ಳಿ. ಒಬ್ಬರ ಕೆಲಸಕ್ಕೆ ಸರಾಸರಿ 10 ನಿಮಿಷ, ಆದರೆ ಒಬ್ಬರಿಗೆ ಜಾಸ್ತಿ, ಒಬ್ಬರಿಗೆ ಕಮ್ಮಿ, ಜನ ಬರುವುದಕ್ಕೂ ಗೊತ್ತು ಗುರಿ ಇಲ್ಲ. ಕೌಂಟರಿನವರು ದಿನದ ಅರ್ಧ ಹೊತ್ತು ಮಾತ್ರ ಬಿಡುವಿಲ್ಲದೆ ಇದ್ದರೆ, ಬಂದವರು ಸರಾಸರಿ 10 ನಿಮಿಷ ಕಾಯಬೇಕು. 80 ಪರ್ಸೆಂಟ್ ಬಿಡುವಿಲ್ಲದಿದ್ದರೆ 40 ನಿಮಿಷ. 90 ಆದರೆ 90 ನಿಮಿಷ. 95 ಆದರೆ 190 ನಿಮಿಷ, ಮೂರು ಗಂಟೆಗೂ ಮೇಲೆ! ಕೆಲಸ ಐದೇ ಪರ್ಸೆಂಟ್ ಏರಿತು, ಕಾಯುವುದು ಎರಡು ಪಟ್ಟು ದಾಟಿತು. ಪೂರ್ತಿ ನೂರಕ್ಕೆ ಹತ್ತಿರ ಹೋದಷ್ಟೂ ಸಾಲು ಆಕಾಶಕ್ಕೆ ಬೆಳೆಯುತ್ತದೆ.

ಬಾಯಿಯವರೆಗೆ ತುಂಬಿದ ಕೊಡಕ್ಕೆ ಇನ್ನೊಂದು ಲೋಟ ಸುರಿದರೆ ಚೆಲ್ಲುತ್ತದೆ, ಅಷ್ಟೇ ಅಲ್ವಾ. ಗಾಡಿಗಳು ಒತ್ತೊತ್ತಾಗಿ ಹೋಗುತ್ತಿರುವ ರಸ್ತೆಯಲ್ಲಿ ಒಬ್ಬ ಬ್ರೇಕ್ ತುಳಿದರೆ ಹಿಂದಿನ ನೂರು ಜನ ನಿಲ್ಲುತ್ತಾರೆ. ಈಗ ಅಗ್ನಿಶಾಮಕ ವಾಹನದ ಬಗ್ಗೆ ಯೋಚಿಸಿ. ಅದು ದಿನದ ಹೆಚ್ಚಿನ ಹೊತ್ತು ಸುಮ್ನೆ ನಿಂತಿರುತ್ತದೆ. "ಖಾಲಿ ನಿಂತಿದೆಯಲ್ಲ, ನೀರಾದರೂ ಹೊರಲಿ" ಅಂತ ದಿನವಿಡೀ ದುಡಿಸಿದರೆ, ಬೆಂಕಿ ಬಿದ್ದಾಗ ಅದು ಇನ್ನೆಲ್ಲೋ ನೀರು ಹೊರುತ್ತಿರುತ್ತದೆ.

ಮಾಮೂಲಿ ಸಾಗಣೆಯ ಲಾಭ ಇರುವುದು ಗಾಡಿ ತುಂಬಿಸುವುದರಲ್ಲಿ. ತುಂಬಿದ ಗಾಡಿ ಅಂದರೆ ಕಮ್ಮಿ ದರ, ಜಾಸ್ತಿ ಕಾಯುವಿಕೆ. ತುರ್ತು ಸಾಗಣೆಗೆ ಕೊಡುವ ದೊಡ್ಡ ಮೊತ್ತದಲ್ಲಿ ಬಹುಪಾಲು ಆ ಖಾಲಿ ಜಾಗಕ್ಕೆ, ಕೆಲಸವಿಲ್ಲದೆ ಸಿದ್ಧವಾಗಿ ನಿಂತ ಗಾಡಿಗೆ, ರಾತ್ರಿ ಎರಡು ಗಂಟೆಗೆ ಫೋನ್ ಎತ್ತುವ ಮನುಷ್ಯನಿಗೆ. ಇದನ್ನು ದುಂದು ಅನ್ನುವವರಿಗೆ ಈ ಗಣಿತ ಒಮ್ಮೆ ಓದಿ ಅಂತ ನಾನು ಕೈಮುಗಿದು ಕೇಳಿಕೊಳ್ಳುತ್ತೇನೆ.

ಇನ್ನು ಕೆಲವರು ಲೈನ್ ನಿಂತರೆ ಗ್ರಹಚಾರ ಅನ್ನುತ್ತಾರೆ. ಅಲ್ಲ, ಅದೂ ಲೆಕ್ಕವೇ. ಒಂದು ಯಂತ್ರಕ್ಕೆ 1000 ಬಗೆಯ ಪಾರ್ಟ್ ಬೇಕು, ಒಂದೊಂದೂ ಸಮಯಕ್ಕೆ ಸಿಗುವ ಭರವಸೆ 99.9 ಪರ್ಸೆಂಟ್ ಅಂತಿಟ್ಟುಕೊಳ್ಳಿ. ಒಂದರ ತಡ ಇನ್ನೊಂದಕ್ಕೆ ಸಂಬಂಧವಿಲ್ಲದಿದ್ದರೆ, ಸಾವಿರವೂ ಒಟ್ಟಿಗೆ ಸಿಗುವ ಸಾಧ್ಯತೆ ಬರೀ 37 ಪರ್ಸೆಂಟ್. ಅದಕ್ಕೇ ಕಾರ್ಖಾನೆಗಳು ಸ್ವಲ್ಪ ಸ್ಟಾಕ್ ಇಟ್ಟುಕೊಳ್ಳುವುದು. ಆದರೆ ಸ್ಟಾಕ್ ಕೂಡ ಕೈಕೊಡುವ ಸಂದರ್ಭ ಇದೆ. ಅಮೆರಿಕದ ಸಂಶೋಧಕ ಜಾನ್ ಲಿಟಲ್ 1961ರಲ್ಲಿ ಸಾಬೀತು ಮಾಡಿದ ಒಂದು ಪುಟ್ಟ ಸೂತ್ರ ಇದೆ: ದಾರಿಯಲ್ಲಿರುವ ಸರಕು ಅಂದರೆ ಹರಿವಿನ ದರ ಗುಣಿಸು ಪ್ರಯಾಣದ ಸಮಯ. ನಿಮಿಷಕ್ಕೊಂದು ಪಾರ್ಟ್ ಬೇಕು, ಹಗಲು ರಾತ್ರಿ ಕೆಲಸ, ಹಡಗಿಗೆ 30 ದಿನ ಅಂದರೆ ಯಾವಾಗಲೂ 43,200 ಪಾರ್ಟ್ ಸಮುದ್ರದ ಮೇಲಿರುತ್ತವೆ. ಒಂದು ದಿನ ಕಂಟೇನರ್ ಬಿಚ್ಚಿದಾಗ ರಂಧ್ರದ ಅಳತೆ ತಪ್ಪಾಗಿದೆ ಅಂತ ಗೊತ್ತಾಗುತ್ತದೆ. ಹಿಂದೆ ಬರುತ್ತಿರುವ ಹಡಗುಗಳಲ್ಲೂ ಅದೇ ತಪ್ಪು ಇರಬಹುದು. ಸರಿಯಾದ ಪಾರ್ಟ್ ಇವತ್ತೇ ಹಡಗು ಹತ್ತಿದರೂ ಬರುವುದು ಮುಂದಿನ ತಿಂಗಳು. ಆಗ ವಿಮಾನ ಬಿಟ್ಟರೆ ಗತಿ ಇಲ್ಲ.

ಆ ವಿಮಾನವೂ ಹಾರದಿದ್ದರೆ? 2010ರ ಏಪ್ರಿಲ್‌ನಲ್ಲಿ ಐಸ್‌ಲ್ಯಾಂಡಿನ ಜ್ವಾಲಾಮುಖಿಯ ಬೂದಿ ಯುರೋಪಿನ ಆಕಾಶ ಮುಚ್ಚಿಸಿತು. ಐರ್ಲೆಂಡಿನಿಂದ ಬರಬೇಕಿದ್ದ ಟೈರ್ ಒತ್ತಡದ ಸೆನ್ಸರ್ ಬಾರದೆ ಜಪಾನಿನಲ್ಲಿ ನಿಸಾನ್ ತನ್ನ ಕೆಲವು ಲೈನ್ ನಿಲ್ಲಿಸಬೇಕಾಯಿತು.

ಸೆನ್ಸರ್‌ನಂಥ ಸಣ್ಣ ಪಾರ್ಟ್‌ಗೆ ಪೂರ್ತಿ ವಿಮಾನ ಬೇಕಿಲ್ಲ. ಅದನ್ನು ಮನುಷ್ಯನೇ ಹೊತ್ತೊಯ್ಯುತ್ತಾನೆ, ಈ ಕೆಲಸಕ್ಕೆ ಆನ್ ಬೋರ್ಡ್ ಕೊರಿಯರ್ ಅಂತ ಹೆಸರು. ಮಾಮೂಲಿ ಪ್ರಯಾಣಿಕರ ವಿಮಾನ, ಸ್ಪಂಜಿನ ಮಧ್ಯೆ ಪಾರ್ಟ್ ಇಟ್ಟ ಸೂಟ್‌ಕೇಸ್, ಜೊತೆಗೆ ಕಾಗದಗಳ ಒಂದು ಕಟ್ಟು. ಇಳಿದ ಮೇಲೆ ಅವನು ಬ್ಯಾಗೇಜ್ ಬೆಲ್ಟಿನಿಂದ ಸೂಟ್‌ಕೇಸ್ ಎತ್ತಿಕೊಂಡು ಕಸ್ಟಮ್ಸ್‌ಗೆ ಹೋಗಿ, ಇದು ಕಾರ್ಖಾನೆಯ ಸರಕು ಅಂತ ತಾನೇ ಹೇಳಿ ಇನ್‌ವಾಯ್ಸ್ ಮುಂದಿಡುತ್ತಾನೆ. ಸುಂಕ ಕಟ್ಟಿಸಿ ರಸೀದಿ ತೆಗೆದುಕೊಂಡೇ ಹೊರಗೆ ಬರುವುದು. ಎಷ್ಟೋ ಸಲ ತಡವಾಗುವುದು ಇದೇ ಕಾಗದಕ್ಕೆ. ಆ ಆಂಟೊನೊವ್ ಹಾರುವಾಗ ಬ್ರಿಟನ್ನಿನ ಆಮದು ಪರವಾನಗಿ ಇನ್ನೂ ಕೈಗೆ ಬಂದಿರಲಿಲ್ಲ. ವಿಮಾನ ನೆಲ ಮುಟ್ಟಲು ಎರಡು ಗಂಟೆ ಇದೆ ಅನ್ನುವಾಗ ಬಂತು.

ಹಾಗಾಗಿ ಈ ಕೆಲಸದಲ್ಲಿ ಪಳಗಿದವರು ಫೋನ್ ಬಂದ ತಕ್ಷಣ ವಿಮಾನದ ಮಾತು ಎತ್ತುವುದಿಲ್ಲ. ಪಾರ್ಟ್ ಈ ಕ್ಷಣ ಎಲ್ಲಿದೆ? ಪ್ಯಾಕ್ ಆಗಿದೆಯಾ, ಇನ್ನೂ ಮೆಷಿನ್ ಮೇಲೇ ಇದೆಯಾ? ಉದ್ದ ಅಗಲ ಎಷ್ಟು, ತೂಕ ಎಷ್ಟು, ಫೋರ್ಕ್‌ಲಿಫ್ಟ್ ಬೇಕಾ? ಇನ್‌ವಾಯ್ಸ್ ಯಾರ ಹೆಸರಲ್ಲಿ? ನಮ್ಮ ವ್ಯಾನ್ ರಾತ್ರಿ ಮೂರಕ್ಕೆ ಬಂದರೆ ಗೇಟ್ ತೆರೆದು ಸಹಿ ಹಾಕುವವರು ಯಾರು, ಅವರ ನಂಬರ್ ಕೊಡಿ.