ಮದುಮಗಳ ಮೈಬಣ್ಣ ಯಾರ ತೀರ್ಮಾನ?

ದಾವಣಗೆರೆಯಲ್ಲಿ ಮದುವೆ ಫೋಟೊ ಬುಕ್ ಮಾಡಲು ಬಂದವರು ರೇಟು ಕೇಳುವುದಕ್ಕೂ ಮೊದಲೇ ಹೇಳುವ ಮಾತಿದೆ: "ಹುಡುಗಿ ಸ್ವಲ್ಪ ಬೆಳ್ಳಗೆ ಬರ್ಲಿ ಸಾರ್." ನಮ್ಮ ಜನಕ್ಕೆ ಬಿಳಿ ಬಣ್ಣದ ಹುಚ್ಚು ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಫಿಲ್ಮ್, ಕ್ಯಾಮೆರಾ ಮಾರಿದವರ ಪಾಲೂ ಇದರಲ್ಲಿ ಜಾಸ್ತಿಯೇ ಇದೆ.

ಫಿಲ್ಮ್ ಕಾಲದಲ್ಲಿ ಪ್ರಿಂಟಿನ ಬಣ್ಣ ಹೊಂದಿಸಿಕೊಳ್ಳಲಿ ಅಂತ ಕೊಡಾಕ್ ಕಂಪನಿ ಲ್ಯಾಬ್‌ಗಳಿಗೆ ಒಂದು ಮಾದರಿ ಫೋಟೊ ಕೊಡುತ್ತಿತ್ತು. ಶರ್ಲಿ ಕಾರ್ಡ್ ಅಂತ ಅದಕ್ಕೆ ಹೆಸರು. ಅದರಲ್ಲಿ ಬಹಳ ವರ್ಷ ಇದ್ದದ್ದು ಬಿಳಿ ಹೆಂಗಸರೇ. ಆ ಮುಖ ಚೆನ್ನಾಗಿ ಬಂತು ಅಂದರೆ ಬಣ್ಣ ಸರಿ ಅಂತ ಲೆಕ್ಕ. ಕಂದು ಛಾಯೆಗಳು ಸರಿಯಾಗಿ ಬರುತ್ತಿಲ್ಲ ಅಂತ ಚಾಕೊಲೇಟ್ ಮತ್ತು ಮರದ ಸಾಮಾನು ಮಾಡುವವರು ದೂರಿದ್ದು ಫಿಲ್ಮ್ ತಿದ್ದಲು ಒಂದು ಕಾರಣ ಅಂತ ಗೊತ್ತಾದಾಗ ನನಗೆ ನಿಜಕ್ಕೂ ಸಿಟ್ಟು ಬಂದಿತ್ತು. ಅಷ್ಟು ವರ್ಷ ಆ ಫಿಲ್ಮಿನಲ್ಲಿ ಕಪ್ಪು ಮಸಿಯಂತೆ ಬಂದ ಮುಖಗಳು ಯಾರ ಕಣ್ಣಿಗೂ ಬೀಳಲಿಲ್ವಾ?

ಫಿಲ್ಮ್ ಹೋಯಿತು. ಕೊಡಾಕ್ 2012ರಲ್ಲಿ ದಿವಾಳಿ ಅರ್ಜಿ ಹಾಕಿತು. ಈಗ ತೀರ್ಮಾನ ಫೋನಿನ ಸಾಫ್ಟ್‌ವೇರ್ ಕೈಯಲ್ಲಿದೆ. ನೀವು ಒಂದು ಸಲ ಒತ್ತಿದರೆ ಅದು ಹಲವು ಫ್ರೇಮ್ ತೆಗೆದು, ಬೆಸೆದು, ನೆರಳನ್ನು ಬೆಳಗಿಸುತ್ತದೆ. ಬ್ಯೂಟಿ ಮೋಡ್ ಆನ್ ಇದ್ದರೆ ಚರ್ಮವನ್ನೂ ಉಜ್ಜಿ ನಯ ಮಾಡುತ್ತದೆ. ಚಿತ್ರದುರ್ಗದ ಒನಕೆ ಓಬವ್ವನ ಕಿಂಡಿಯನ್ನು ಫೋನಲ್ಲಿ ತೆಗೆದು ನೋಡಿ. ಕತ್ತಲೆಲ್ಲ ಹೋಗಿ ಬಂಡೆ ನಡುವಿನ ಸಾದಾ ಸಂದಿಯಂತೆ ಕಾಣುತ್ತದೆ. ಒಬ್ಬೊಬ್ಬರೇ ನುಸುಳಿ ಬರಬೇಕಾದ ಜಾಗ ಅನ್ನೋದೇ ತಿಳಿಯುವುದಿಲ್ಲ.

ಅರಿಶಿನ ಶಾಸ್ತ್ರದಲ್ಲಿ ಇದು ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಹಳದಿ ಸೀರೆ, ಹಳದಿ ಶಾಮಿಯಾನ, ಕೆನ್ನೆ ತುಂಬ ಅರಿಶಿನ. ಬೆಳಕಿಗೆ ತಕ್ಕಂತೆ ಬಣ್ಣವನ್ನು ಕ್ಯಾಮೆರಾ ತಾನೇ ಹೊಂದಿಸಿಕೊಳ್ಳುವ ಆಟೋ ವೈಟ್ ಬ್ಯಾಲೆನ್ಸ್‌ನಲ್ಲಿ ಬಿಟ್ಟರೆ ಕ್ಯಾಮೆರಾ ಇಷ್ಟು ಹಳದಿ ತಪ್ಪು ಅಂದುಕೊಂಡು ನೀಲಿ ಬೆರೆಸುತ್ತದೆ. ಅರಿಶಿನ ಸಪ್ಪೆಯಾಗುತ್ತದೆ, ಎಣ್ಣೆಗೆಂಪು ಮುಖ ಬೂದಿ ಬಳಿದಂತೆ ಆಗುತ್ತದೆ. ಅದಕ್ಕೇ ನಾನು ಅಲ್ಲಿ ಆಟೋ ಬಿಟ್ಟು, ಬಿಸಿಲಿದ್ದರೆ ಬೆಳಕಿನ ಬಣ್ಣದ ಅಳತೆಯನ್ನು 5500 ಕೆಲ್ವಿನ್ ಹತ್ತಿರ ನಾನೇ ಹಾಕಿಕೊಳ್ಳುತ್ತೇನೆ. ಕಪ್ಪು ಮೈಬಣ್ಣಕ್ಕೆ ಎದುರಿಂದ ಫ್ಲ್ಯಾಶ್ ಹೊಡೆದರೆ ಹಣೆ, ಮೂಗು ಮಾತ್ರ ಮಿಂಚುತ್ತವೆ. ಪಕ್ಕದಿಂದ ಮೆತ್ತಗಿನ ಬೆಳಕು ಬಿಟ್ಟರೆ ಮುಖ ಎಷ್ಟು ಕಳೆಯಾಗಿ ಬರುತ್ತದೆ ಅಂದರೆ ತಿದ್ದುವ ಕೆಲಸವೇ ಉಳಿಯುವುದಿಲ್ಲ.

ಆಮೇಲೆ ಆಲ್ಬಮ್‌ಗೆ ಹಾಕುವ ಮುಂಚೆ ಎರಡು ಫೋಟೊ ಹುಡುಗಿಗೇ ತೋರಿಸುತ್ತೇನೆ, ಬೆಳ್ಳಗೆ ಮಾಡಿದ್ದು ಒಂದು, ಇದ್ದ ಹಾಗೇ ಇರುವುದು ಒಂದು. ಚಿಕ್ಕಪ್ಪ, ಸೋದರಮಾವ ಆಮೇಲೆ ನೋಡಲಿ. ಹೆಚ್ಚಿನ ಹುಡುಗಿಯರು ತಮ್ಮ ಬಣ್ಣದ್ದನ್ನೇ ಆರಿಸುತ್ತಾರೆ.